ನನ್ನ ಬಸ್ಸು ಹತ್ತಿದ ಷಡ್ಡಕ

ಜನವರಿ 9

ಪ್ರೀತಿಯ ಷಡ್ಡಕನಿಗೆ,

ನಾನು ಆರೋಗ್ಯ. ನಿನ್ನ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ, ನಿನ್ನೆ ಸಂಜೆ ಟಿವಿಯಲ್ಲಿ ನೋಡಿದೆ. ಎಷ್ಟು ಪೌಡರ್ ಬಳಿದಿದ್ದಾರೋ ಪುಣ್ಯಾತ್ಮ! ಮೊದಲು ನನ್ನ ಸೆಟ್ಟಿನ ಬ್ರೈಟ್‌ನೆಸ್ ಕೆಟ್ಟಿದೆ ಎಂದುಕೊಂಡು ತಿರುಗಿಸಲು ಎದ್ದೆ. ನಿನ್ನ ಪಕ್ಕ ಕೂತ ನಿನ್ನ ಹೆಂಡತಿ, ನಮ್ಮ ಚಿಕ್ಕವಳು, ತನ್ನ ಮಾಮೂಲಿ ಬಣ್ಣದಲ್ಲೇ ನಕ್ಕಾಗ ಸೆಟ್ಟು ಸರಿಯಾಗಿದೆ, ಷಡ್ಡಕನೇ ಹಾಗಿದ್ದಾನೆ ಎಂದು ತಿಳಿಯಿತು.

ಸ್ಪರ್ಧಿಗಳ ಫೋನುಗಳನ್ನೆಲ್ಲ ತೆಗೆದಿಡುತ್ತಾರೆ, ಕಾಗದ ಮಾತ್ರ ಬರೆಯಬಹುದು ಎಂದು ಪರದೆಯ ಕೆಳಗೆ ವಿಳಾಸ ಓಡಿಸಿದರು. ಹಾಗಾಗಿ ಈ ಕಾಗದ. ಫೋನಿದ್ದಾಗ ನಾವು ಎಷ್ಟು ಮಾತಾಡಿದ್ದೆವು ಎಂಬುದು ಬೇರೆ ಮಾತು.

ನನ್ನ ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಡಾಕ್ಯುಮೆಂಟರಿ. ಮಧ್ಯಾಹ್ನ ಧಾರಾವಾಹಿ. ಸಂಜೆ ನಿಮ್ಮಂಥವರ ರಿಯಾಲಿಟಿ. ಬದುಕಿಡೀ ಬೇರೆಯವರ ಟಿವಿ ಬಿಚ್ಚಿ ರಿಪೇರಿ ಮಾಡಿದವನು ನಾನು. ಒಳಗಿನ ಧೂಳು ಗೊತ್ತಿತ್ತು, ಒಳಗಿನ ಕಥೆ ನೋಡಲು ಪುರಸೊತ್ತು ಈಗ ಸಿಕ್ಕಿದೆ. ಧಾರಾವಾಹಿಯ ಅತ್ತೆ ಹೋದ ಸೋಮವಾರ ಮಹಡಿ ಮೆಟ್ಟಿಲು ಇಳಿಯಲು ಶುರು ಮಾಡಿದವಳು ಇನ್ನೂ ಕೆಳಗೆ ಮುಟ್ಟಿಲ್ಲ. ಡಾಕ್ಯುಮೆಂಟರಿ ವಾಸಿ. ಒಂದು ಗಂಡು ಹಕ್ಕಿ ತನ್ನ ಗೂಡಿನ ಮುಂದೆ ನೀಲಿ ಗುಂಡಿ, ನೀಲಿ ಮುಚ್ಚಳ ಎಲ್ಲ ಜೋಡಿಸಿ ಹೆಣ್ಣನ್ನು ಕರೆಯುತ್ತದೆ. ಅದು ಅತ್ತ ತಿರುಗಿದ್ದೇ ತಡ, ಪಕ್ಕದ ಹಕ್ಕಿ ಬಂದು ಎತ್ತಿಕೊಂಡು ಹೋಗುತ್ತದೆ. ಸಂಜೆ 'ಮಾಗಿದ ಜೋಡಿ'ಯಲ್ಲಿ ನೀನು. ಒಂದೇ ದಿನ ಎರಡನ್ನೂ ನೋಡಿದೆ, ಅಷ್ಟೇ.

ಅಂದ ಹಾಗೆ ನಾನೂ ಆ ಕಾರ್ಯಕ್ರಮದ ಅರ್ಜಿ ತರಿಸಿದ್ದೆ. ಗಂಡ ಹೆಂಡತಿ ಇಬ್ಬರ ಫೋಟೊ ಕೇಳಿದ್ದರು. ನನ್ನ ಹತ್ತಿರ ಇಬ್ಬರದೂ ಇದೆ. ಇಬ್ಬರೂ ಬದುಕಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಆದರೆ ಫಾರ್ ದಿ ಪರ್ಪಸ್ ಆಫ್ ಜೋಡಿ, ಅದು ಬರೆಯದೆಯೇ ತಿಳಿಯಬೇಕಾದ ವಿಷಯ.

ಒಂದೇ ಮನೆಯ ಇಬ್ಬರು ಅಳಿಯಂದಿರು ನಾವು. ಮಾವ ಬದುಕಿರುವತನಕ "ಸಣ್ಣಳಿಯಂದ್ರು ಎಷ್ಟು ಗಂಭೀರ, ನೋಡಿ ಕಲೀರಿ" ಎಂದು ನನಗೆ ಹೇಳುತ್ತಿದ್ದರು. ಈಗ ನಾಡೇ ನೋಡಿ ಕಲಿಯಲಿ.

ಗೆದ್ದು ಬಾ.

ನಿನ್ನ ಭಾವ


ಜನವರಿ 17

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಇವಳಿಗೆ ಓದಿ ಹೇಳಿದೆ. ಪೌಡರಿನ ಮಾತಿಗೆ ಬಿದ್ದು ಬಿದ್ದು ನಕ್ಕಳು. ನಾನು ಓದಿದ್ದಕ್ಕಲ್ಲ, ನೀವು ಬರೆದದ್ದಕ್ಕೆ. ಅದು ಮೊದಲಿಂದಲೂ ಹಾಗೇ.

ಇಲ್ಲಿ ಎಲ್ಲವೂ ವಿಚಿತ್ರ. ಅಡುಗೆಮನೆಯ ನಲ್ಲಿಯಲ್ಲಿ ನೀರಿಲ್ಲ, ಕಿಟಕಿಯ ಹೊರಗಿನ ಆಕಾಶ ಬಟ್ಟೆಯದು. ವಾರಕ್ಕೊಂದು ಜೋಡಿಯನ್ನು ಮನೆಗೆ ಕಳಿಸುತ್ತಾರೆ. ಕಥೆ ವಿಭಾಗದ ಮೇಡಂ ಒಬ್ಬರು ದಿನವೂ ಎದುರು ಕೂತು, "ನಿಮ್ಮ ದಾಂಪತ್ಯದಲ್ಲಿ ಏನಾದ್ರೂ ನಡೆದಿದ್ದು ಹೇಳಿ ಸರ್" ಎನ್ನುತ್ತಾರೆ. ನಾನು ಕನ್ನಡಕದ ಅಂಗಡಿ ಇಟ್ಟಿದ್ದೆ, ಸಂಜೆ ಮನೆಗೆ ಬರುತ್ತಿದ್ದೆ ಎಂದೆ. "ಆಮೇಲೆ?" ಎಂದರು. ಮಾರನೇ ದಿನ ಮತ್ತೆ ಅಂಗಡಿಗೆ ಹೋಗುತ್ತಿದ್ದೆ ಎಂದೆ. ಅವರು ಪೆನ್ನು ಮುಚ್ಚಿಟ್ಟರು.

ನನಗೆ ಸೋತು ಹೋಗುವುದಕ್ಕೆ ಬೇಜಾರಿಲ್ಲ. ಆದರೆ ಇವಳು ಇಲ್ಲಿ ಬೇರೆಯೇ ಹೆಂಗಸಾಗಿದ್ದಾಳೆ ಭಾವ. ಬೆಳಿಗ್ಗೆ ಎದ್ದು ಹಾಡು ಗುನುಗುತ್ತಾಳೆ. ಈ ವಾರ ಕಳಿಸಿಬಿಟ್ಟರೆ ಆ ಗುನುಗು ನಿಲ್ಲುತ್ತದಲ್ಲ ಎಂಬ ಹೆದರಿಕೆ ನನಗೆ.

ಒಂದು ವಿಷಯ ಸುಮ್ಮನೆ ಕೇಳುತ್ತೇನೆ. ಮದುವೆಯ ಹೊಸತರಲ್ಲಿ ನೀವು ಬಸ್ಸು ತಪ್ಪಿಸಿಕೊಂಡಿರಲ್ಲ, ಆಗ ನಿಮ್ಮ ಎರಡೂ ಕೈಯಲ್ಲಿ ಚಹಾ ಇತ್ತೋ, ಒಂದರಲ್ಲೋ? ಮೊನ್ನೆ ನಮ್ಮಿಬ್ಬರಿಗೂ ನೆನಪಾಯಿತು.

ಇತಿ,
ನಿಮ್ಮ ಷಡ್ಡಕ


ಜನವರಿ 24

ಪ್ರೀತಿಯ ಷಡ್ಡಕನಿಗೆ,

ಎರಡೂ ಕೈಯಲ್ಲಿ! ಎಷ್ಟು ಸಲ ಹೇಳಿದ್ದೇನೆ, ಆದರೂ ಮರೆತೆಯಲ್ಲ. ಅಷ್ಟು ದೂರದಲ್ಲಿ, ಅಷ್ಟು ದೀಪಗಳ ನಡುವೆ ನಿಮಗೆ ನಾವಿಬ್ಬರು ನೆನಪಾದೆವು ಎಂದು ಓದಿ ಮನಸ್ಸು ತುಂಬಿತು. ನಿನ್ನ ಬಗ್ಗೆ ನನ್ನ ಅಭಿಪ್ರಾಯವನ್ನು ಪಾರ್ಷಿಯಲೀ ಬದಲಿಸಿಕೊಂಡಿದ್ದೇನೆ. ಸರಿಯಾಗಿ ಬರೆಯುತ್ತೇನೆ, ಚಿಕ್ಕವಳಿಗೂ ಓದಿ ಹೇಳು.

ಮದುವೆಯಾಗಿ ಮೊದಲ ಸಲ ನನ್ನ ಕೆಲಸದ ಊರಿಗೆ ಅವಳನ್ನು ಕರೆದುಕೊಂಡು ಹೊರಟಿದ್ದೆ. ಅವಳು ಹಸಿರು ಶಾಲು ಹೊದ್ದಿದ್ದಳು. ದಾರಿಯಲ್ಲಿ ಬಸ್ಸು ನಿಂತಿತು. "ಚಹಾ ತರ್ತೀನಿ" ಎಂದು ಇಳಿದೆ. ಎರಡು ಲೋಟ ಹಿಡಿದು ಬಂದು ಹತ್ತಿದೆ. ಹಸಿರು ಶಾಲಿನ ಪಕ್ಕ ಕೂತು ಲೋಟ ಕೊಟ್ಟೆ. ಹೊಸ ಮದುಮಗ ನೋಡು, ಮುಖ ನೋಡಿ ಮಾತಾಡಲು ನಾಚಿಕೆ. ಮುಂದಿನ ಸೀಟಿನ ಕಂಬಿ ನೋಡುತ್ತಾ ಶುರು ಮಾಡಿದೆ. ಎರಡು ಕೋಣೆಯ ಮನೆ ಹಿಡಿದಿದ್ದೇನೆ, ಒಂದು ದಿನ ನನ್ನದೇ ರಿಪೇರಿ ಅಂಗಡಿ ಹಾಕುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತೆ ಆದರೆ ಬೇಗ ಹೋಗುತ್ತೆ, ನಿನಗೆ ಏನು ಬೇಕಾದರೂ ಬಾಯಿಬಿಟ್ಟು ಕೇಳಬೇಕು. ಬಸ್ಸು ಆಗಲೇ ಹೊರಟಿತ್ತು. ಪಕ್ಕದವರು ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದು, ಲೋಟ ನನ್ನ ಕೈಗಿಟ್ಟು, "ಎಲ್ಲಾ ಸರಿ ಕಣಪ್ಪಾ, ನಿನ್ನ ಹೆಂಡ್ತಿ ಎಲ್ಲಿ?" ಎಂದರು. ನೋಡಿದರೆ ನನ್ನ ತಾಯಿಗಿಂತ ದೊಡ್ಡವರು! ಹತ್ತಿದ ಬಸ್ಸೇ ಬೇರೆ!

ಹಾರಿದೆ. ಹಾಲಿನ ವ್ಯಾನೊಂದಕ್ಕೆ ಕೈ ಅಡ್ಡ ಹಾಕಿ, ಕ್ಯಾನುಗಳ ಮಧ್ಯೆ ನಿಂತು ಮುಂದಿನ ನಿಲ್ದಾಣ ಮುಟ್ಟಿದೆ. ಅಲ್ಲಿ ನಮ್ಮ ಬಸ್ಸು ಡ್ರೈವರ್ ಊಟಕ್ಕೆಂದು ನಿಂತಿತ್ತು. ಕಿಟಕಿಯಲ್ಲಿ ಹಸಿರು ಶಾಲು. ಹತ್ತಿದೆ. ಅವಳು ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಅತ್ತಿದ್ದಾಳೆ, ಪಾಪ. ನಾನು ಕಾಲು ಹಿಡಿಯುವುದೊಂದು ಬಾಕಿ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಏನಂದಳು ಗೊತ್ತಲ್ಲ?

"ಚಹಾ ಎಲ್ಲಿ?"

ಅಂಥ ಹೊತ್ತಿನಲ್ಲಿ ಅಂಥ ಮಾತು ಯಾರಿಗೆ ಹೊಳೆಯುತ್ತದೆ ಹೇಳು! ಆ ಒಂದು ಮಾತಿನ ಮೇಲೆ ನಾನು ಇಡೀ ಸಂಸಾರ ಮಾಡಿದೆ.

ನಿನ್ನ ಭಾವ

ಎದುರುಮನೆ ದರ್ಜಿ ದಿನವೂ ನನ್ನ ಜೊತೆ ನಿಮ್ಮ ಕಾರ್ಯಕ್ರಮ ನೋಡಲು ಬರುತ್ತಾನೆ. ಇವರು ನಮ್ಮ ಷಡ್ಡಕ ಎಂದು ಹೇಳಿದ್ದೇನೆ. ನಂಬಿಲ್ಲ.


ಫೆಬ್ರವರಿ 5

ಷಡ್ಡಕನಿಗೆ,

'ಪ್ರೀತಿಯ' ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ.

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು 'ದಿ ಮ್ಯಾಂಗೊ ವಾಸ್ ಸ್ಟೋಲನ್' ಎಂದು ಬರೆಸುತ್ತಿದ್ದರು. ಕದ್ದವನ ಹೆಸರು ಎತ್ತದೆ ವಾಕ್ಯ ಮುಗಿಸುವ ಸೌಲಭ್ಯ ಆ ಭಾಷೆಯಲ್ಲಿದೆ. ನಿನಗೆ ಆ ಸೌಲಭ್ಯ ಕೊಡುವುದಿಲ್ಲ. ಕದ್ದವನು ನೀನು.

ನಿನ್ನೆ ಸಂಜೆ ನೀನು ಕೈಕೈ ಹೊಸೆಯುತ್ತಾ "ಮದುವೆ ಆದ ಹೊಸತು, ನಾನು ಚಹಾ ತರೋಕೆ ಇಳಿದೆ" ಎಂದಾಗ, ಈಗ ನನ್ನ ಹೆಸರು ಹೇಳುತ್ತಾನೆ, 'ನಮ್ಮ ಭಾವನಿಗೆ ಹೀಗಾಯಿತು' ಎನ್ನುತ್ತಾನೆ ಎಂದು ಕಾದೆ. ಬಾಯಿ ತೆರೆದುಕೊಂಡೇ ಕಾದೆ. ಹಾಲಿನ ವ್ಯಾನು ಬಂತು, ನೀನೇ ಹತ್ತಿದೆ. ಚಿಕ್ಕವಳ ಹೆಗಲ ಮೇಲೆ ಹಸಿರು ಶಾಲು ಬೇರೆ! "ಚಹಾ ಎಲ್ಲಿ?" ಎಂದು ಅವಳು ಅಂದಾಗ ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಹೆಂಡತಿಯ ಮಾತಿಗೆ ನಿನ್ನ ಹೆಂಡತಿಗೆ ಚಪ್ಪಾಳೆ.

ದರ್ಜಿ ಏನಂದ ಕೇಳು. "ಅಲ್ಲಾ ಸ್ವಾಮಿ, ಈ ಕಥೆ ನೀವೂ ಹೇಳ್ತಿದ್ರಲ್ಲ! ಅವ್ರದ್ದಾ ಇದು? ಇರ್ಲಿ ಬಿಡಿ, ಚೆನ್ನಾಗಿರೋದನ್ನ ಯಾರಾದ್ರೂ ತಮ್ದು ಅಂತ ಹೇಳ್ಕೋತಾರೆ." ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ನನ್ನ ಬಿಸ್ಕತ್ತು ತಿನ್ನುತ್ತಾ ನನ್ನನ್ನೇ ಕಳ್ಳನನ್ನಾಗಿ ಮಾಡಿದ. ಇನ್ನು ನಾನು ಯಾರಿಗೆ ಹೇಳಲಿ? ಹೇಳಿದರೆ ಟಿವಿಯಲ್ಲಿ ನೋಡಿದ್ದು ಹೇಳುತ್ತಿದ್ದಾನೆ ಮುದುಕ ಎನ್ನುತ್ತಾರೆ.

ನಿನಗೆ ಹೆಂಡತಿ ಇದ್ದಾಳೆ. ಕನ್ನಡಕ ಎಲ್ಲಿಟ್ಟೆ ಎಂದರೆ ತಲೆ ಮೇಲಿದೆ ಎನ್ನುವವರು ಇದ್ದಾರೆ. ನನಗೆ ಇದ್ದದ್ದು ಒಂದು ಬಸ್ಸು. ಅದನ್ನೂ ಹತ್ತಿ ಕೂತೆಯಲ್ಲ.

ಆದರೆ ಒಂದು ಕೇಳಬೇಕು. ಕಥೆಯ ನಡುವೆ ಚಿಕ್ಕವಳು ಒಂದು ಮಾತು ಸೇರಿಸಿದಳು. ಗಂಡ ಇಲ್ಲದ ಬಸ್ಸಿನಲ್ಲಿ ಯಾರು ಯಾರೋ ಆ ಖಾಲಿ ಸೀಟಿಗೆ ಬಂದರಂತೆ. ಯಾರೂ ಕೂರಬಾರದು ಎಂದು ಅವಳು ಆ ಸೀಟಿನ ಜೊತೆ ಮಾತಾಡುತ್ತಾ ಹೋದಳಂತೆ, ಅಲ್ಲಿ ಮನುಷ್ಯ ಕೂತಿದ್ದಾನೆ ಎನ್ನುವ ಹಾಗೆ. ಹುಚ್ಚಿ ಇರಬೇಕು ಎಂದು ಜನ ನಿಂತೇ ಪ್ರಯಾಣ ಮಾಡಿದರಂತೆ.

ಇದು ನನಗೆ ಗೊತ್ತಿಲ್ಲ. ನಾನಿಲ್ಲದಾಗ ಅವಳು ಏನು ಮಾಡಿದಳು ಎಂದು ನಾನು ಕೇಳಿಯೇ ಇರಲಿಲ್ಲ. ನನಗೆ ಹೇಳದ್ದನ್ನು ತಂಗಿಗೆ ಹೇಳಿದಳೇ?

ಭಾವ


ಫೆಬ್ರವರಿ 11

ಭಾವನವರಿಗೆ,

ಏನು ಬರೆಯಬೇಕೋ ತೋಚದೆ ತಡವಾಯಿತು. ತಪ್ಪಾಯಿತು. ಆ ವಾರ ನಮ್ಮನ್ನೇ ಕಳಿಸುವವರಿದ್ದರು. ಮೊದಲು 'ನಮ್ಮ ಭಾವನ ಕಥೆ' ಎಂದೇ ಹೇಳಿದೆ. "ಭಾವನ್ನ ಇಟ್ಕೊಂಡು ನಾನೇನ್ ಮಾಡ್ಲಿ ಸರ್, ನಿಮ್ದು ಹೇಳಿ" ಎಂದರು ಮೇಡಂ. ಇವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದುಬಿಟ್ಟೆ.

ಖಾಲಿ ಸೀಟಿನ ವಿಷಯ ಇವಳು ಹೇಳಿದ್ದು. ನನ್ನನ್ನು ಈಗ ಏನೂ ಕೇಳಬೇಡಿ. ಫೈನಲ್ ಮುಗಿಯಲಿ. ಇನ್ನೊಂದು, ಇಲ್ಲಿಗೆ ಬರುವ ಕಾಗದಗಳನ್ನು ಮೊದಲು ಆಫೀಸಿನವರು ಒಡೆದು ಓದುತ್ತಾರೆ. ದಯವಿಟ್ಟು ನೋಡಿ ಬರೆಯಿರಿ.

ಷಡ್ಡಕ


ಫೆಬ್ರವರಿ 16

ಷಡ್ಡಕನಿಗೆ,

ಓದಲಿ. ಆಗಲೇ ಓದಿದ್ದಾರೆ. ನಿನ್ನೆ ನಿನ್ನ ಮೇಡಂ ಫೋನ್ ಮಾಡಿದ್ದರು. "ನಿಮ್ಮ ಕಾಗದ ತುಂಬಾ ಚೆನ್ನಾಗಿದೆ ಸರ್, ಕಣ್ಣಲ್ಲಿ ನೀರು ಬಂತು. ಫೈನಲ್‌ಗೆ ನೀವೇ ಬರ್ಬೇಕು. ಅವ್ರಿಗೆ ಹೇಳೋದಿಲ್ಲ. ಪರದೆ ಹಿಂದಿನಿಂದ ಎರಡು ಲೋಟ ಚಹಾ ಹಿಡ್ಕೊಂಡು ಬನ್ನಿ, ಎಲ್ಲಾರ ಎದುರಿಗೆ ಕೇಳಿ, ಈ ಕಥೆ ಯಾರ್ದು ಅಂತ." ಕಾರು ಕಳಿಸುತ್ತಾರಂತೆ. ಗುಟ್ಟಾಗಿಡಿ ಎಂದರು. ಇಡುವುದಿಲ್ಲ ಎಂದು ನಿನಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ನಿನ್ನ ಮಾನ ಕಳೆಯುವುದಕ್ಕಿಂತ ಹೆಚ್ಚಾಗಿ ಬೇರೊಂದು ಬೇಕಾಗಿದೆ.

ಹೇಳಿದರೆ ನಗಬೇಡ. ಆ ಖಾಲಿ ಸೀಟಿನ ಮಾತು ಕೇಳಿದಾಗಿನಿಂದ ನಾನು ಟಿವಿ ಮುಂದೆ ಎರಡು ಕುರ್ಚಿ ಹಾಕುತ್ತಿದ್ದೇನೆ. ದರ್ಜಿಯನ್ನು ಸ್ಟೂಲಿನ ಮೇಲೆ ಕೂರಿಸುತ್ತೇನೆ. ಡಾಕ್ಯುಮೆಂಟರಿ ಬಂದರೆ ಪಕ್ಕದ ಕುರ್ಚಿಗೆ ಹೇಳುತ್ತೇನೆ, ನೋಡೇ, ಆನೆಗೂ ನಿನ್ನ ಹಾಗೆ ಮಂಡಿನೋವು. ಧಾರಾವಾಹಿ ಬಂದರೆ, ಅತ್ತೆ ಕೊನೆಗೂ ಮೆಟ್ಟಿಲಿಳಿದಳು ಕಣೇ, ಕಾಲಿಗೆ ಹಾರ ಹಾಕಬೇಕು. ಮೊದಲು ಇದು ಹುಚ್ಚು ಎನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಅವಳು ನನಗಾಗಿ ಒಂದು ಸಲ ಮಾಡಿದ್ದನ್ನು ನಾನು ಅವಳಿಗಾಗಿ ಮಾಡುತ್ತಿದ್ದೇನೆ. ಎಂಡ್ ಆಫ್ ದಿ ಮ್ಯಾಟರ್.

ಆದರೆ ಹೊಟ್ಟೆ ಉರಿಯುತ್ತದೆ. ತಂಗಿಯ ಹತ್ತಿರ ನನ್ನ ಹೆಂಡತಿ ಇನ್ನೂ ಎಷ್ಟು ಇಟ್ಟಿದ್ದಾಳೆ? ನನಗೆ ಒಗೆದ ಬಟ್ಟೆ, ಬಿಸಿ ಅನ್ನ. ತಂಗಿಗೆ ಮನಸ್ಸು. ಚಿಕ್ಕವಳು ಬದುಕಿದ್ದಾಳೆ, ನೀನೂ ಇದ್ದೀಯ, ಇದೆಲ್ಲದರ ಜೊತೆ ನನ್ನವಳನ್ನೂ ಅರ್ಧ ನೀವೇ ಇಟ್ಟುಕೊಂಡಿದ್ದೀರಿ.

ಒಪ್ಪಂದಕ್ಕೆ ಬಾ. ಅವಳು ಆ ಖಾಲಿ ಸೀಟಿಗೆ ಏನೆಂದಳು ಎಂಬುದನ್ನು ಚಿಕ್ಕವಳಿಂದ ಪದಕ್ಕೆ ಪದ ಕೇಳಿ ಬರೆ. ಬರೆದರೆ ಬರುವುದಿಲ್ಲ. ಬರೆಯದಿದ್ದರೆ ಎರಡು ಲೋಟ ಹಿಡಿದು ಬರುತ್ತೇನೆ.

ಭಾವ


ಫೆಬ್ರವರಿ 20

ಭಾವ,

ಇದನ್ನು ಮೇಕಪ್ಪಿನವರ ಕೈಯಲ್ಲಿ ಹೊರಗಿನಿಂದ ಅಂಚೆಗೆ ಹಾಕಿಸುತ್ತಿದ್ದೇನೆ. ನಿಮ್ಮ ಕಾಗದವನ್ನೂ ಆಫೀಸಿನವರು ಒಡೆಯುವ ಮುಂಚೆ ಅವರೇ ಎತ್ತಿ ತಂದುಕೊಟ್ಟರು. ಆಫೀಸಿನವರು ಓದುವಂಥದ್ದಲ್ಲ.

ನೀವು ಕುರ್ಚಿಯ ವಿಷಯ ಬರೆಯದೇ ಇದ್ದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆ. ಈಗ ಸುಮ್ಮನಿದ್ದರೆ ಎರಡನೇ ಕಳ್ಳತನವಾಗುತ್ತದೆ.

ಆ ಸೀಟು ಅಕ್ಕನದಲ್ಲ. ನಮ್ಮದು.

ಶೂಟಿಂಗಿನಲ್ಲಿ ಮೇಡಂ ಇದ್ದಕ್ಕಿದ್ದ ಹಾಗೆ, "ನೀವು ಬಸ್ಸಲ್ಲಿ ಒಬ್ರೇ ಏನು ಮಾಡಿದ್ರಮ್ಮ?" ಎಂದು ಇವಳನ್ನು ಕೇಳಿದರು. ಅಕ್ಕ ಇವಳಿಗೆ ಹೇಳಿದ್ದು ಒಂದೇ: ನೀವು ಚಹಾ ಎಂದು ಇಳಿದ ಕೂಡಲೇ ಅವರಿಗೆ ಜೋಂಪು ಹತ್ತಿತಂತೆ. ಎಚ್ಚರವಾದದ್ದು ನೀವು ವಾಪಸ್ಸು ಹತ್ತಿದಾಗ. ನೀವು ಆಗಷ್ಟೇ ಇಳಿದು ಬಂದಿರಿ ಎಂದುಕೊಂಡು ಚಹಾ ಕೇಳಿದರಂತೆ. ಆಮೇಲೆ ನೀವು ಅದನ್ನು ಊರೆಲ್ಲ ಹೇಳಿ ಹೊಗಳುವುದು ನೋಡಿ, ನಿಜ ಹೇಳಲು ಮನಸ್ಸಾಗಲಿಲ್ಲವಂತೆ. ಕ್ಯಾಮೆರಾ ಮುಂದೆ ನಿದ್ದೆ ಮಾಡಿದೆ ಎನ್ನಲಾಗುತ್ತದೆಯೇ? ಇವಳು ತನ್ನ ಹತ್ತಿರ ಇದ್ದದ್ದನ್ನು ತೆಗೆದು ಕೊಟ್ಟಳು.

ನಮ್ಮದು ಹೇಗೆಂದರೆ, ಒಂದು ಭಾನುವಾರ ಮಧ್ಯಾಹ್ನ ನಾಟಕಕ್ಕೆ ಹೋಗಿದ್ದೆವು. ವಿರಾಮದಲ್ಲಿ ಜಗಳ. ಜಗಳ ನಿಮ್ಮದೇ ವಿಷಯಕ್ಕೆ. ನಿಮ್ಮ ಮನೆಗೆ ಬಂದು ಹೋದಾಗಲೆಲ್ಲ ಇವಳು, "ಭಾವ ಬಸ್ಸು ತಪ್ಪಿಸಿಕೊಂಡಾದ್ರೂ ತಪ್ಪಿಸಿಕೊಂಡ್ರು. ನೀವು ಸೀಟು ಬಿಟ್ಟು ಏಳೋದೇ ಇಲ್ಲ" ಎನ್ನುತ್ತಿದ್ದಳು. ಅಂದೂ ಅಂದಳು. ನಾನು ಎದ್ದೆ. ಹೊರಗೆ ಹೋಗಿ ನಿಲ್ದಾಣದಲ್ಲಿ ಕೂತೆ. ಬಸ್ಸು ಬಂದರೂ ಹತ್ತಲಾಗಲಿಲ್ಲ. ವಾಪಸ್ಸು ಹೋದಾಗ ಕೊನೆಯ ಅಂಕ ನಡೆಯುತ್ತಿತ್ತು. ಸುತ್ತಮುತ್ತಲವರೆಲ್ಲ ದೂರ ಸರಿದು ಕೂತಿದ್ದರು. ಇವಳು ನನ್ನ ಖಾಲಿ ಕುರ್ಚಿಯನ್ನು ಬೈಯುತ್ತಿದ್ದಳು, ಮೆಲ್ಲಗೆ, ಬಿಡದೆ. ನಾನು ಬಂದು ನಿಂತೆ. ನನ್ನ ಮುಖವನ್ನೂ ನೋಡದೆ, "ಕೂತ್ಕೊಳ್ಳಿ, ಇನ್ನೂ ಮುಗ್ದಿಲ್ಲ" ಎಂದಳು. ನಾಟಕವೋ ಬೈಗುಳವೋ ಇಂದಿಗೂ ಕೇಳಿಲ್ಲ.

ಅಷ್ಟೇ ಭಾವ. ನಮ್ಮ ಹತ್ತಿರ ಇರುವುದು ಅದೊಂದೇ. ಅದನ್ನು ಇವಳು ನಿಮ್ಮ ಬಸ್ಸಿಗೆ ಹತ್ತಿಸಿಬಿಟ್ಟಳು ಎಂದು ನನಗೂ ಒಳಗೊಳಗೇ ಉರಿಯಿತು. ನಾಡೆಲ್ಲ ನೋಡಿತು, ಆದರೆ ಅದು ನಮ್ಮದಾಗಿ ಉಳಿಯಲಿಲ್ಲ. ಈಗ ನೀವು ಅದನ್ನು ಅಕ್ಕನದು ಎಂದುಕೊಂಡಿದ್ದೀರಿ.

ಬನ್ನಿ. ಪರದೆಯ ಹಿಂದಿನಿಂದ ಬಂದು ಕೇಳಿ. ಹೌದು ಎನ್ನುತ್ತೇನೆ. ಇವಳಿಗೆ ಮಾತ್ರ ಮೊದಲೇ ಹೇಳಿರುವುದಿಲ್ಲ. ಅಂದು ಬೆಳಿಗ್ಗೆಯೂ ಗುನುಗಿಕೊಳ್ಳಲಿ.

ನಿಮ್ಮ ಷಡ್ಡಕ


ಮಾರ್ಚ್ 2

ಪ್ರೀತಿಯ ಷಡ್ಡಕನಿಗೆ,

ನಿಮ್ಮ ಫೋನುಗಳು ಕೈಗೆ ಬಂದಿರಬೇಕು. ಆದರೂ ಕಾಗದವೇ ಇರಲಿ. ಫೋನಿನಲ್ಲಾದರೆ ನಾನು ಕೂಗಾಡುತ್ತೇನೆ.

ನಿದ್ದೆ! ಓದಿದ ದಿನ ಟಿವಿ ಹಾಕಲಿಲ್ಲ. ಅವಳು ಕಣ್ಣುಜ್ಜಿದ್ದನ್ನು ನೆನೆದು ಎಷ್ಟು ವರ್ಷ ನೊಂದಿದ್ದೇನೆ, ಆ "ಚಹಾ ಎಲ್ಲಿ"ಯನ್ನು ಎಂಥ ಚಾತುರ್ಯ ಎಂದು ಸಾರಿಕೊಂಡು ತಿರುಗಿದ್ದೇನೆ. ಅದನ್ನೆಲ್ಲ ಅವಳು ಪಕ್ಕದಲ್ಲೇ ನಿಂತು, ಹೌದು ಹೌದು ಎಂದು ಕೇಳಿಸಿಕೊಂಡಿದ್ದಾಳೆ. ತಂಗಿಯ ಹತ್ತಿರ ಹೋಗಿ ನಕ್ಕಿದ್ದಾಳೆ. ಆ ನಗುವೂ ನಿಮ್ಮ ಮನೆಗೇ ಹೋಯಿತು ನೋಡು.

ಕಾರು ಬಂದಿತ್ತು. ಮೇಡಂ ಖುದ್ದಾಗಿ ಬಂದಿದ್ದರು, ಜೊತೆಗೆ ಕ್ಯಾಮೆರಾದವನು. ದರ್ಜಿ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲೆ ಬಂದು ಕೂತಿದ್ದ. ಮೇಡಂ ನನ್ನ ಎರಡು ಕುರ್ಚಿಗಳನ್ನು ನೋಡಿ, "ಇದು ಯಾರ್ದು ಸರ್, ಇನ್ನೊಂದು?" ಎಂದರು. ಅದನ್ನು ಇನ್ನಷ್ಟು ನನ್ನ ಹತ್ತಿರ ಎಳೆದುಕೊಂಡೆ. "ಸರ್, ಆ ಬಸ್ಸಿನ ಕಥೆ ನಿಮ್ದೇ ಅಲ್ವಾ? ಕ್ಯಾಮೆರಾ ನೋಡಿ ಹೇಳಿ."

ಷಡ್ಡಕ, ನಾನು ದೊಡ್ಡ ಮನಸ್ಸು ಮಾಡಿದೆ ಎಂದು ತಿಳಿಯಬೇಡ. ನಿನ್ನ ಮಾನ ಉಳಿಸಲು ನಾನು ಏನೂ ಮಾಡಿಲ್ಲ. ಪಕ್ಕದ ಕುರ್ಚಿಯನ್ನು ನೋಡಿದೆ. ಬಸ್ಸು ನನ್ನದು ಎಂದರೆ, ಸೀಟು ಯಾರದೆಂಬ ಮಾತೂ ಏಳುತ್ತದೆ. ಚಿಕ್ಕವಳು ಎಲ್ಲರೆದುರು ಬಾಯಿಬಿಟ್ಟು, 'ಅದು ನನ್ನದು, ಅಕ್ಕ ನಿದ್ದೆ ಮಾಡುತ್ತಿದ್ದಳು' ಎನ್ನುತ್ತಾಳೆ. ಆಮೇಲೆ ನಾನು ಮನೆಗೆ ಬಂದು ಯಾವ ಕುರ್ಚಿಯ ಜೊತೆ ಮಾತಾಡಲಿ?

"ನನ್ನದಲ್ಲಮ್ಮ," ಎಂದೆ. "ನಮ್ಮ ಷಡ್ಡಕನದು. ನಾನು ಸುಮ್ನೆ ಹೊಟ್ಟೆಕಿಚ್ಚಿಗೆ ನಂದು ಅಂತ ಹೇಳ್ಕೋತಿದ್ದೆ."

ದರ್ಜಿ ತೊಡೆ ತಟ್ಟಿ, "ನಾನು ಅವತ್ತೇ ಹೇಳ್ಲಿಲ್ವಾ!" ಎಂದ. ಮೇಡಂ ಮುಖ ಇಳಿಯಿತು. ಕಾರು ಖಾಲಿ ಹೋಯಿತು.

ಫೈನಲ್ ನೋಡಿದೆ. ಎರಡನೇ ಸ್ಥಾನ ಎಂದಾಗ ಚಿಕ್ಕವಳು ನಿನ್ನ ತೋಳು ಹಿಡಿದಳು. ನೀನು ಪರದೆ ಕಡೆಗೇ ನೋಡುತ್ತಿದ್ದೆ, ನಾನು ಬರುತ್ತೇನೆ ಎಂದು. ನೋಡಲಿ, ಸ್ವಲ್ಪ ಬೆವರಲಿ ಎಂದು ಇಲ್ಲಿ ಕೂತು ಸಂತೋಷಪಟ್ಟೆ. ಇನ್ನೇನು ಅವಳು ತೋಳು ಬಿಡುತ್ತಾಳೆ ಎಂದುಕೊಳ್ಳುವ ತನಕ ಆ ಸಂತೋಷ ಇತ್ತು. ಅವಳು ಬಿಡಲೇ ಇಲ್ಲವಲ್ಲ, ನಾನೇ ಚಾನೆಲ್ ಬದಲಾಯಿಸಿದೆ.

ಹೆನ್ಸ್‌ಫರ್ತ್ ಬಸ್ಸು ನಿನ್ನದು. ಹಸಿರು ಶಾಲು, ಹಾಲಿನ ವ್ಯಾನು, ಎರಡು ಲೋಟ, ಚಹಾ ಎಲ್ಲಿ, ಎಲ್ಲವನ್ನೂ ಇಟ್ಟುಕೋ. ಮದುವೆ ಮನೆಗಳಲ್ಲಿ ಹೇಳು. ನಾನು ಎದುರಿಗಿದ್ದರೆ ಮೊದಲ ಸಲ ಕೇಳಿದವನ ಹಾಗೆ ನಗುತ್ತೇನೆ.

ಸೀಟನ್ನು ಮಾತ್ರ ವಾಪಸ್ಸು ಕೇಳಬೇಡ. ಚಿಕ್ಕವಳಿಗೂ ಹೇಳು, ಭಾವ ಕೊಡುವುದಿಲ್ಲವಂತೆ ಎಂದು. ನಿಮಗೆ ಅದು ಯಾಕೆ ಬೇಕು? ನಿನ್ನ ಕುರ್ಚಿಯಲ್ಲಿ ನೀನೇ ಕೂತಿದ್ದೀಯಲ್ಲ.

ನಿನ್ನ ಭಾವ